ಹಂಗಾರಕಟ್ಟೆಯಲ್ಲಿ ರಾಘುವಿನ ಪಾರ್ಟು

ಬೈಂದೂರಿನಿಂದ ಬೆಳಗಿನ ಬಸ್ಸು ಹೊರಟಾಗ ಮಳೆ ಬರುತ್ತಿತ್ತು ಎನ್ನುವುದಕ್ಕಿಂತ ಮಳೆಯೊಳಗೆ ಬಸ್ಸು ಹೊರಟಿತು ಎಂದರೇ ಸರಿ. ನಮ್ಮ ಅಜ್ಜಿ ಇಂಥದಕ್ಕೆ ಕುರುಡು ಮಳೆ ಎನ್ನುತ್ತಿದ್ದಳು. ಗಾಳಿಯಿಲ್ಲ, ಗುಡುಗಿಲ್ಲ, ನೆಟ್ಟಗೆ ಸುರಿಯುತ್ತಲೇ ಇರುತ್ತದೆ, ಎದುರಿಗೆ ಬಂದವರ ಮುಖ ಕಾಣುವುದಿಲ್ಲ. ಪಕ್ಕದ ಯಡ್ತರೆಯ ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ನನ್ನ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಇಂಥ ದಿನ ಮನೆಯಲ್ಲಿ ಬೆಚ್ಚಗೆ ಕೂರುವುದು ಬಿಟ್ಟು ಎಲ್ಲಿಗೆ ಎಂದು ಹೆಂಡತಿ ಕೇಳಿದ್ದಳು. ನಾಟಕಕ್ಕೆ ಎಂದಿದ್ದೆ.  ನನ್ನ ಈ ಹುಚ್ಚು ಅವಳಿಗೆ ಹೊಸದಲ್ಲ.

ಸಂಗತಿ ಇಷ್ಟು. ಹಂಗಾರಕಟ್ಟೆಯ ಮಂಜಣ್ಣ ಬೋಟು ಕಟ್ಟುವ ಮೇಸ್ತ್ರಿ. ಅವರದೊಂದು ಹವ್ಯಾಸಿ ನಾಟಕ ತಂಡ ಇದೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು, ಬೋಟುಗಳೆಲ್ಲ ದಡದ ದಕ್ಕೆಗೆ ಕಟ್ಟಿಬಿದ್ದು, ಗಂಡಸರು ಮನೆಯಲ್ಲಿ ಹೆಂಗಸರ ಕಾಲಿಗೆ ಅಡ್ಡ ಸಿಗುವ ದಿನಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವರು ಸಣ್ಣ ಸಣ್ಣ ನಾಟಕ ಆಡುತ್ತಾರೆ. ರಾತ್ರಿ ಆಡಿದರೆ ಕರೆಂಟಿನ ಭರವಸೆಯಿಲ್ಲ, ಅದಕ್ಕೇ ಮಧ್ಯಾಹ್ನ. ಹಿಂದೊಮ್ಮೆ ಆ ತಂಡ ನಮ್ಮೂರಿಗೆ ಬಂದು ದೋಣಿಗಾರ ಮತ್ತು ಬೊಂಬಾಯಿ ಬಾಬುವಿನ ನಾಟಕ ಆಡಿತ್ತು. ಬೊಂಬಾಯಿ ಬಾಬು ಆದವನು ರಾಘು ಎಂಬ ಎತ್ತರದ ಮೀನುಗಾರ. ಅವನು ಬಾಯಿ ತೆರೆದರೆ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ನಮ್ಮೂರ ತಂಡದಲ್ಲಿ ನಾವೂ ಆ ನಾಟಕವನ್ನು ಕೇಳಿ ಪಡೆದು ಆಡಿದೆವು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವನೆಂದು ಬಾಬುವಿನ ಪಾರ್ಟು ನನ್ನ ಪಾಲಿಗೆ ಬಂತು.

ಆ ವಾರ ಮಂಜಣ್ಣ ಫೋನು ಮಾಡಿದ್ದರು. "ಹ್ವಾಯ್ ಶೆಟ್ರೆ, ಆ ಬೊಂಬಾಯಿ ಬಾಬುನ ಪಾರ್ಟ್ ನಿಮ್ಗ್ ನೆನಪಿತ್ತಾ?"

"ನಿದ್ರಿಯಂಗ್ ಎಬ್ಬಿಸಿರೂ ಹೇಳ್ತೆ."

"ಹಾಂಗಾರೆ ಆಯ್ತಾರ ಬನಿ. ಉಂಬುಕೆ ನಮ್ಮನಿಗೇ ಬನಿ. ಮತ್ತೆಂತ ಕೇಣ್ಬೇಡಿ."

ನಾನೂ ಕೇಳಲಿಲ್ಲ. ಪಾರ್ಟು ಎಂದ ಕೂಡಲೇ ಹಿಗ್ಗುವ ಜಾತಿ ನಮ್ಮದು.

ಬಸ್ಸಿನಲ್ಲಿ ಕಂಡಕ್ಟರ್ ಮಾಬುಕಳಕ್ಕೆ ಟಿಕೆಟ್ಟು ಕೊಡಲಿಲ್ಲ. "ಇದ್ ಅಲ್ಲಿ ನಿಲ್ಲುದಿಲ್ಲ ಮಾರಾಯ್ರೆ. ಬ್ರಹ್ಮಾವರಕ್ಕೆ ಹೋಯಿ ತಿರ್ಗಿ ಬನಿ" ಎಂದು ಬ್ರಹ್ಮಾವರದ ಚೀಟಿಯನ್ನೇ ಹರಿದ. ದಾರಿ ಐವತ್ತು ಕಿಲೋಮೀಟರಿನ ಮೇಲೆ. ಕುಂದಾಪುರದಲ್ಲಿ ಬಸ್ಸು ನಿಂತಾಗ ಇಳಿದು ಬನ್ಸು ತಿಂದು ಚಾ ಕುಡಿದೆ. ಬನ್ಸು ಬಿಸಿಯಿತ್ತು, ಚಾಕ್ಕೆ ಮಳೆನೀರು ಬೆರೆತಿತ್ತೋ ಏನೋ, ರುಚಿಯಿರಲಿಲ್ಲ. ಅಲ್ಲಿ ಹತ್ತಿದ ಒಬ್ಬರು ನನ್ನ ಪಕ್ಕದಲ್ಲಿ ಕೂತರು. ಕೋಟಕ್ಕೆ ಹೋಗುವವರು, ಬಾಯಿತುಂಬ ಎಲೆಯಡಿಕೆ.

"ಎಲ್ಲಿಗ್ ಹೋಪ್ದ್?"

"ಹಂಗಾರಕಟ್ಟೆಗೆ. ನಾಟ್ಕ ಇತ್ತ್."

ಅವರು ಕಿಟಕಿ ಸರಿಸಿ ಉಗಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದರು. "ಹೋದ್ ವರ್ಷ ನಾನೂ ಹೋಯಿದ್ದೆ. ಎಲ್ಲರೂ ನಗಾಡ್ರ್. ನಂಗ್ ಮಾತ್ರ ಎಂತಕೆ ನಗಾಡ್ತ್ರ್ ಅಂದ್ ಗೊತ್ತಾಯ್ಲಿಲ್ಲ. ಅಲ್ಲಿ ಯಾರೂ ಮಾತಾಡ್ಲೇ ಇಲ್ಲೆ ಮಾರಾಯ್ರೆ."

ಅದೇನೆಂದು ಕೇಳುವಷ್ಟರಲ್ಲಿ ಕೋಟ ಬಂತು. ಅವರು ಕೊಡೆ ಬಿಡಿಸಿಕೊಂಡು ಇಳಿದೇ ಹೋದರು.

ಬ್ರಹ್ಮಾವರದಲ್ಲಿ ಇಳಿದು, ಹಿಂದಕ್ಕೆ ಹೋಗುವ ಸಣ್ಣ ಬಸ್ಸು ಹಿಡಿದು ಮಾಬುಕಳಕ್ಕೆ ಬಂದೆ. ಅಲ್ಲಿಂದ ಆಟೊ. ರಸ್ತೆಯ ಬದಿಗೆ ಹೊಳೆ ಕೆಂಪಗೆ ತುಂಬಿಕೊಂಡು ಸದ್ದಿಲ್ಲದೆ ನಮ್ಮ ಜೊತೆಗೇ ಬರುತ್ತಿತ್ತು. ಹಂಗಾರಕಟ್ಟೆಯಲ್ಲಿ ಬೋಟುಗಳು ಟಾರ್ಪಾಲು ಹೊದ್ದು ಒಂದಕ್ಕೊಂದು ಒರಗಿ ನಿಂತಿದ್ದವು. ನೀರು ಏರಿದಾಗ ಎಲ್ಲವೂ ಒಟ್ಟಿಗೆ ಏರುತ್ತವೆ, ಇಳಿದಾಗ ಒಟ್ಟಿಗೆ ಇಳಿಯುತ್ತವೆ, ಮಲಗಿದವರ ಎದೆಯ ಹಾಗೆ. ಆಚೆ ದಡದ ಕೋಡಿಬೆಂಗ್ರೆ ಮಳೆಯಲ್ಲಿ ಅಳಿಸಿಹೋಗಿತ್ತು. ಸೆಳೆತ ಜೋರೆಂದು ಜನರನ್ನು ಆಚೆ ದಾಟಿಸುವ ಬಾರ್ಜು ಕಟ್ಟಿಹಾಕಿದ್ದರು.

ಮಂಜಣ್ಣನ ಮನೆಯ ಊಟಕ್ಕೆ ಹೆಸರಿಡುವ ಹಾಗಿಲ್ಲ. ಕುಚ್ಲಕ್ಕಿ ಅನ್ನ, ಹಲಸಿನ ಬೀಜ ಹಾಕಿದ ಸೌತೆಕಾಯಿ ಹುಳಿ, ಒಣ ಸಿಗಡಿ ಚಟ್ನಿ. ಚಟ್ನಿಯನ್ನು ಎರಡನೆಯ ಸಲ ಬಡಿಸಿಕೊಂಡೆ. ಕೈ ತೊಳೆದು ಜಗಲಿಯಲ್ಲಿ ಕೂತ ಮೇಲೆ ಮಂಜಣ್ಣ ಗಂಟಲು ಸರಿಮಾಡಿಕೊಂಡರು.

"ಶೆಟ್ರೆ, ರಾಘು ಎಲ್ಲಿದ್ದ ಅಂದ್ ನೀವ್ ಕೇಣ್ಲೇ ಇಲ್ಲೆ."

"ಮೈಯಂಗ್ ಹುಷಾರಿಲ್ಯಾ?"

"ಅಂವ ಇಲ್ಲೆ."

ಹಿಂದಿನದರ ಹಿಂದಿನ ಮಳೆಗಾಲದ ಬಾಯಲ್ಲಿ, ಇನ್ನೇನು ಬೋಟುಗಳನ್ನು ದಕ್ಕೆಗೆ ಕಟ್ಟಬೇಕು ಎನ್ನುವಾಗ, ರಾಘುವಿನ ದೋಣಿ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಮಗುಚಿತಂತೆ. ಜೊತೆಗಿದ್ದ ತಮ್ಮ ಚಂದ್ರ ಈಜಿ ದಡ ಸೇರಿದ. ರಾಘು ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದವನಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮಾಡುವ ಪದ್ಧತಿ ಇದೆ. ಅದಕ್ಕೆ ರಾಘುವಿನ ಹೆಂಡತಿ ಸುಮತಿ ಒಪ್ಪಲಿಲ್ಲ. ಮನೆಯಲ್ಲಿ ಅವನ ಚಾಪೆ, ಅವನ ಬಟ್ಟಲು ಇದ್ದಲ್ಲೇ ಇವೆ, ಆ ಜಾಗದಲ್ಲಿ ಯಾರೂ ಕೂರುವುದಿಲ್ಲ. ನಾಟಕದಲ್ಲೂ ಹಾಗೆಯೇ. ಅವನ ಪಾರ್ಟು ಮತ್ತೊಬ್ಬರಿಗೆ ಕೊಡಬಾರದೆಂದು ಅವಳು ಬಂದು ಕೈಮುಗಿದಳು. ಕೊಡುತ್ತೇನೆಂದರೂ ತಗೊಳ್ಳುವವರಿರಲಿಲ್ಲ. ಕ್ರಿಯೆಯಾಗದೆ ಕಡಲಲ್ಲಿ ಉಳಿದವನ ಜಾಗದಲ್ಲಿ ಊರಿನವರು ಕೂರುವುದಿಲ್ಲ.

"ಮತ್ತೆ ನಾಟ್ಕ ಹ್ಯಾಂಗ್ ಆಡ್ರಿ?"

"ನಾ ಸೈಡಂಗ್ ಕೂಕಂಡ್ ಅವ್ನ ಮಾತ್ ಹೇಳಿಕೊಟ್ಟೆ, ಯಾವಾಗಳಿನ ಹಾಂಗೆ. ಅಂವ ಹೇಳುವಷ್ಟ್ ಹೊತ್ತ್ ಬಿಟ್ಟೆ. ಚಂದ್ರ ಉತ್ರ ಕೊಟ್ಟ. ಜನ ನಗಾಡ್ರ್. ಎಲ್ಲರಿಗೂ ಬಾಯಿಪಾಠ ಅಲ್ದಾ."

ಬಸ್ಸಿನಲ್ಲಿ ಸಿಕ್ಕ ಕೋಟದವರ ಮಾತು ಆಗ ನನಗೆ ಅರ್ಥವಾಯಿತು. 

ಈ ಸಲ ಚಂದ್ರ ಹಟ ಹಿಡಿದಿದ್ದನಂತೆ. ಬರುವ ಅಮಾವಾಸ್ಯೆಗೆ ಅಣ್ಣನ ಕ್ರಿಯೆ ಆಗಲೇಬೇಕು, ತನಗೆ ನಿದ್ದೆ ಬರುವುದಿಲ್ಲ ಎಂದು. ಸುಮತಿ ಕಡೆಗೆ ಒಂದು ಮಾತು ಹೇಳಿದ್ದಳು. ಮಂಜಣ್ಣ ಅದನ್ನು ಅವಳ ದನಿಯಲ್ಲೇ ಹೇಳಿದರು: "ಅವ್ರ ಜಾಗದಂಗ್ ಬೇರೆಯವ್ರ್ ಕೂಕಂಡ್ ಆ ಮಾತ್ ಹೇಳ್ಲಿ. ಕೇಂಡ್ ನಂಗ್ ನಗಿ ಬಂದ್ರೆ, ಅವ್ರ್ ಹೋಯ್ರ್ ಅಂದ್ ಲೆಕ್ಕ. ಕ್ರಿಯೆ ಮಾಡುವ. ನಗಿ ಬರ್ಲಿಲ್ದಿರೆ ಅವ್ರ್ ಇದ್ರ್."

"ಇದ್ನ ಫೋನಂಗೇ ಹೇಳ್ಕಿತ್ತಲೆ ನೀವ್?" ಎಂದೆ.

"ಹೇಳಿರೆ ನೀವ್ ಬತ್ತಿದ್ರ್ಯಾ?"

ಬರುತ್ತಿರಲಿಲ್ಲ. ಉಂಡ ಮೇಲೆ ಹೇಳಿದ್ದೂ ಮೇಸ್ತ್ರಿಯ ಲೆಕ್ಕಾಚಾರವೇ. ಅನ್ನ ಉಂಡ ಜಗಲಿಯಿಂದ ಎದ್ದು ಓಡಿಹೋಗುವುದು ಹೇಗೆ?

ನಾಟಕ ಬೋಟು ಕಟ್ಟುವ ಶೆಡ್ಡಿನಲ್ಲಿ. ಅರ್ಧ ಕಟ್ಟಿ ನಿಲ್ಲಿಸಿದ ಮರದ ಬೋಟೊಂದು ಅಲ್ಲೇ ಇತ್ತು. ಹಲಗೆ ಹೊಡೆಯದೆ ಬಿಟ್ಟ ಅದರ ಕಮಾನುಗಳು ದೊಡ್ಡ ಮೀನಿನ ಪಕ್ಕೆಲುಬಿನ ಹಾಗೆ ಮೇಲೆದ್ದಿದ್ದವು. ಅದರ ಮುಂದೆಯೇ ರಂಗಸ್ಥಳ. ಮರಕ್ಕೆ ಬಳಿಯುವ ಗೇರೆಣ್ಣೆಯ ಘಾಟು, ಒದ್ದೆ ಕೊಡೆಗಳ ವಾಸನೆ, ತಗಡಿನ ಮೇಲೆ ಮಳೆಯ ಸದ್ದು. ಮಧ್ಯಾಹ್ನ ಮೂರು ಗಂಟೆಗೇ ಮುಸ್ಸಂಜೆಯಂಥ ಕತ್ತಲು. ಜನ ತುಂಬಿದ್ದರು, ಎದುರಿನ ಸಾಲು ಮಾತ್ರ ಖಾಲಿ.

ಮೊದಲ ನಾಟಕ ಮೀನು ತಿನ್ನದ ಅಳಿಯ ಮೀನುಗಾರರ ಮನೆಗೆ ಬಂದದ್ದು. ಜನ ಚೆನ್ನಾಗಿ ನಕ್ಕರು. ಆ ನಗು ನನಗೆ ಧೈರ್ಯ ಕೊಟ್ಟಿತು. ಎಲ್ಲ ಊರಿನ ಜನ ನಗುವ ಹಾಗೆಯೇ ಇತ್ತು.

ಬೋಟಿನ ಹಿಂದೆ ಗೋಣಿ ಕಟ್ಟಿ ಮಾಡಿದ ಮರೆಯಲ್ಲಿ ನಾನು ಬಟ್ಟೆ ಹಾಕಿಕೊಳ್ಳುತ್ತಿದ್ದೆ. ಬಾಬುವಿನ ಹೂವಿನ ಅಂಗಿ, ಪ್ಯಾಂಟು, ಕಪ್ಪು ಕನ್ನಡಕ. ರಾಘು ನನಗಿಂತ ಎತ್ತರ, ಆದರೂ ಅಂಗಿ ನನಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಹಿಂದೆ ಯಾರೋ ನಿಂತದ್ದು ಗೊತ್ತಾಗಿ ತಿರುಗಿದೆ. ಸಪೂರದ ಹೆಂಗಸು, ಕೈಯಲ್ಲಿ ಒದ್ದೆ ಕೊಡೆ. ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

"ಗುಂಡಿ ಹಾಕ್ಬೇಡಿ. ಮೇಲಿನದ್ ಎರ್ಡ್ ಅವ್ರ್ ಹಾಕುದಿಲ್ಲ" ಎಂದಳು ಸುಮತಿ.

ಬಿಚ್ಚಿದೆ.

"ವಾಚ್ ಒಳ್ಗ್ ಬದಿಗ್ ತಿರ್ಗ್ಸಿ. ಹಾಂ. ಕೂಕಂಬತ್ತಿಗೆ ಕಾಲ್ ನೀಡುದ್ ಅಲ್ಲ, ಮಡ್ಸುದ್. ಬಾಬು ಆದ್ರೂ ಕಾಲ್ ಮೀನಿನವಂದೇ ಅಲ್ದಾ ಅಂದ್ ಅವ್ರ್ ಹೇಳ್ತ್ರ್."

ಹೇಳ್ತ್ರ್ ಎಂದಳು, ಹೇಳ್ತಿದ್ರ್ ಎನ್ನಲಿಲ್ಲ. ನನ್ನ ಕಾಲರು ಸರಿಮಾಡಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. ಆ ನೋಟದಲ್ಲಿ ನಾನು ಇರಲಿಲ್ಲ. "ನಂಗ್ ಸುಳ್ಳ್ ನಗಿ ಬತ್ತಿಲ್ಲೆ ಶೆಟ್ರೆ. ಬಂದ್ರೆ ಬಂತ್" ಎಂದು ಹೊರಗೆ ಹೋದಳು. ಗೋಣಿಯ ಸಂದಿನಿಂದ ನೋಡಿದೆ. ಖಾಲಿ ಬಿಟ್ಟ ಎದುರಿನ ಸಾಲಿನಲ್ಲಿ ಅವಳೊಬ್ಬಳೇ ಹೋಗಿ ಕೂತಳು.

ರಂಗದ ಮೇಲೆ ನಿಜವಾದ ಸಣ್ಣ ದೋಣಿಯನ್ನೇ ಇಟ್ಟಿದ್ದರು. ಚಂದ್ರ ಹಿಂದಿನ ತುದಿಯಲ್ಲಿ ದೋಣಿ ನೂಕುವ ಜಲ್ಲೆ ಹಿಡಿದು ನಿಂತಿದ್ದ, ಅವನದು ದೋಣಿಗಾರನ ಪಾತ್ರ. ನಾನು ನಡುವಿನ ಹಲಗೆಯ ಮೇಲೆ ಕಾಲು ಮಡಚಿ ಕೂತೆ. ಕೂತ ಮೇಲೆ ನೋಡಿಕೊಂಡೆ: ಹಲಗೆಯ ಒಂದು ಬದಿಗೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟೇ ಕೂತಿದ್ದೆ.

ಚಂದ್ರ ಮೊದಲ ಮಾತು ಎತ್ತಿದ. "ಬಾಬು, ಊರಿಗ್ ಬರ್ದೆ ಎಷ್ಟ್ ವರ್ಷ ಆಯ್ತ್?" ಅವನು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಪಕ್ಕ, ಆ ಖಾಲಿ ಬಿಟ್ಟ ಜಾಗದ ಕಡೆ ನೋಡುತ್ತಿದ್ದ. ಸೈಡಿನಿಂದ ಮಂಜಣ್ಣ ಪಿಸುದನಿಯಲ್ಲಿ ಮಾತು ಕೊಟ್ಟರು: "ವರ್ಷ ಲೆಕ್ಕ ಇಡುಕೆ ಒಬ್ಬ ಗುಮಾಸ್ತನ ಇಟ್ಟಿದ್ದೆ, ಅವ್ನೂ ಊರಿಗ್ ಹೋಯ್ದ." ನಾನು ಬಾಯಿ ತೆರೆದೆ.

ಜನ ನಕ್ಕರು.

ನನ್ನ ಮಾತು ಇನ್ನೂ ಬಾಯಲ್ಲೇ ಇತ್ತು. ಅವರು ನಕ್ಕು ಮುಗಿಸಿದರು. ನಗು ಇಳಿಯುವುದಕ್ಕೂ ಚಂದ್ರ ಮುಂದಿನ ಮಾತು ಎತ್ತುವುದಕ್ಕೂ ಸರಿಹೋಯಿತು. ಮಂಜಣ್ಣ ಮತ್ತೆ ಪಿಸುಗುಟ್ಟಿದರು. ಈ ಸಲ ನಾನು ಬೇಗ ಹೇಳಬೇಕೆಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲೇ ನಗು ಬಂತು, ಮೊದಲಿನದಕ್ಕಿಂತ ದೊಡ್ಡದು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಹಿಂದಿನ ಸಾಲಿನ ಮುದುಕರೊಬ್ಬರು ತೊಡೆ ತಟ್ಟುತ್ತಿದ್ದರು. ಅವರ ಕಣ್ಣುಗಳನ್ನು ನೋಡಿದೆ. ಒಬ್ಬರೂ ನನ್ನತ್ತ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಪಕ್ಕದಲ್ಲಿತ್ತು.

ನಾಟಕ ನಡೆಯುತ್ತಿತ್ತು, ನಾನು ಅದರಲ್ಲಿ ಇರಲಿಲ್ಲ. ಪ್ರಶ್ನೆ, ಪಿಸುಮಾತು, ನಗು. ಪ್ರಶ್ನೆ, ಪಿಸುಮಾತು, ನಗು. ಒಮ್ಮೆ ಆಧಾರಕ್ಕೆಂದು ಹಲಗೆಯ ಮೇಲೆ ಕೈಯೂರಿದೆ. ಪಕ್ಕದ ಜಾಗ ಒದ್ದೆಯಾಗಿತ್ತು. ತಗಡು ಸೋರುತ್ತಿರಬೇಕೆಂದು ಮೇಲೆ ನೋಡಿದೆ. ಸೋರುವ ಜಾಗ ಕಾಣಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಮಳೆನೀರು ಕಡಲನೀರಿನ ಹಾಗೆ ಅಂಟುವುದಿಲ್ಲವಲ್ಲ ಎಂದು ಒಂದು ಯೋಚನೆ ಬಂತು, ಅದನ್ನು ಅಲ್ಲಿಗೇ ಬಿಟ್ಟೆ. ನಮ್ಮೂರಿನ ರಂಗದ ಮೇಲೆ ನಾನು ಮಾತು ಮರೆತದ್ದುಂಟು, ಪಂಚೆ ಕಳಚಿಕೊಂಡದ್ದೂ ಉಂಟು, ಹೀಗೆ ಇದ್ದೂ ಇಲ್ಲದವನಾದದ್ದು ಇದೇ ಮೊದಲು.

ಎದುರಿನ ಸಾಲಿನಲ್ಲಿ ಸುಮತಿ ನಗುತ್ತಿರಲಿಲ್ಲ. ನೆಟ್ಟಗೆ ಕೂತು, ಮಡಿಲಲ್ಲಿ ಕೊಡೆ ಹಿಡಿದು, ತುಟಿ ಬಿಗಿದುಕೊಂಡಿದ್ದಳು. ಅಷ್ಟು ಜನರಲ್ಲಿ ನನ್ನ ಮುಖ ನೋಡುತ್ತಿದ್ದವಳು ಅವಳೊಬ್ಬಳೇ.

ಕಡೆಯ ಪ್ರಶ್ನೆ ಬಂತು. ನಾಟಕದಲ್ಲಿ ದೋಣಿ ನಡುಹೊಳೆಯಲ್ಲಿ ಓಲಾಡಲು ಶುರುವಾಗುತ್ತದೆ. ಚಂದ್ರ ಜಲ್ಲೆ ಊರಿ ಕೇಳಬೇಕು. ಕೇಳಿದ, ದನಿ ಒಡೆದಿತ್ತು. "ಬಾಬು, ನಿಮ್ಗ್ ಈಜುಕೆ ಬತ್ತಾ?"

ಮಂಜಣ್ಣನ ಪಿಸುಮಾತು ಬರಲಿಲ್ಲ. ಆದರೂ ಶೆಡ್ಡಿನ ಹಿಂದಿನಿಂದ ನಗು ಏಳತೊಡಗಿತು, ತೆರೆ ಏಳುವ ಹಾಗೆ. ಆಗ ಸುಮತಿ ಎದ್ದು ನಿಂತಳು. ಜನರ ಕಡೆ ತಿರುಗಿದಳು.

"ಹ್ವಾಯ್, ನಿಲ್ಲಿ ಸಲ್ಪ. ಅವ್ರ್ ಮಾತಾಡುಕ್ ಮುಂಚೆ ಎಂತಕ್ ನಗಾಡ್ತ್ರಿ?"

ನಗು ನಿಂತಿತು. ತಗಡಿನ ಮೇಲಿನ ಮಳೆ ಮಾತ್ರ ಕೇಳುತ್ತಿತ್ತು. ಅವಳು ನನ್ನ ಕಡೆ ತಿರುಗಿದಳು.

"ಶೆಟ್ರೆ, ನೀವ್ ಹೇಳಿ. ಅಲ್ಲಿ ಮತ್ಯಾರೂ ಇಲ್ಲೆ."

ಅಷ್ಟು ಹೇಳಿ ಕೂತಳು.  ನಿದ್ದೆಯಲ್ಲಿ ಎಬ್ಬಿಸಿದರೂ ಬರುವ ಮಾತು ಅದು. ಕಪ್ಪು ಕನ್ನಡಕ ಮೇಲಕ್ಕೆ ಸರಿಸಿ, ಹೊಳೆಯನ್ನೇ ಕೊಂಡುಕೊಳ್ಳುವವನ ಗತ್ತಿನಲ್ಲಿ ಹೇಳಿದೆ:

"ಈಜುದ್ ಎಂತಕೆ ಮಾರಾಯ? ಬೊಂಬಾಯಂಗ್ ನಮ್ ಬಿಲ್ಡಿಂಗಿಗ್ ಲಿಫ್ಟ್ ಇತ್ತ್!"

ಯಾರೂ ನಗಲಿಲ್ಲ. ಅಷ್ಟು ಜನ ತುಂಬಿದ ಶೆಡ್ಡಿನಲ್ಲಿ ಒಂದು ಕೆಮ್ಮು ಕೂಡ ಇಲ್ಲ. ಮುಗಿಯಿತು ಎಂದುಕೊಂಡೆ. ಆಗ ಎದುರಿನ ಸಾಲಿನಿಂದ ಸಣ್ಣದೊಂದು ಸದ್ದು ಬಂತು, ಮೂಗಿನಲ್ಲಿ ತಡೆದ ಉಸಿರಿನ ಹಾಗೆ. ಆಮೇಲೆ ತಡೆಯಲಾಗದೆ ಹೊರಗೆ ಬಂತು. ಸುಮತಿ ನಕ್ಕಳು. ಒಬ್ಬಳೇ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಕೊಡೆ ಮಡಿಲಿನಿಂದ ಜಾರಿ ಬಿದ್ದರೂ ಗೊತ್ತಾಗದೆ. ನಗುತ್ತ ನಗುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನ ಹಿಂದೆ ಅದು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ.

ಚಂದ್ರ ಅವತ್ತು ಮೊದಲ ಸಲ ನನ್ನ ಮುಖಕ್ಕೆ ಮುಖ ಕೊಟ್ಟು ನೋಡಿದ. "ಹಾಂಗಾರೆ ಲಿಫ್ಟಂಗೇ ಹೋಯ್ನಿ ಬಾಬು, ಈ ದೋಣಿ ಮುಳ್ಗುತ್ತ್" ಎಂದು ತನ್ನ ಕಡೆಯ ಮಾತು ಹೇಳಿದ. ನಾಟಕ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನೊಂದು ನಾಟಕ ಬಾಕಿಯಿತ್ತು, ಅದನ್ನು ಆಡಲಿಲ್ಲ. ಜನ ಒಬ್ಬೊಬ್ಬರೇ ಕೊಡೆ ಬಿಡಿಸಿಕೊಂಡು ಮಳೆಗೆ ಇಳಿದರು. ಹೋಗುವಾಗ ನನ್ನಿಂದ ದೂರ ಸರಿದೇ ಹೋದರು.

ಚಂದ್ರ ಅವಳ ಹತ್ತಿರ ಹೋಗಿ ನಿಂತ. "ಅತ್ತಿಗೆ, ಹ್ಯಾಂಗೆ?"

"ಅಮಾಸಿಗ್ ಮಾಡುವ. ಈ ಅಂಗಿ ದರ್ಭೆ ಗೊಂಬಿ ಜೊತಿಗೆ ಹೋಯ್ಲಿ" ಎಂದಳು.

ನಾನು ಬಟ್ಟೆ ಬದಲಿಸಿದೆ, ಆದರೆ ಹಾಗೇ ಹೊರಡುವ ಹಾಗಿರಲಿಲ್ಲ. ದಕ್ಕೆಯ ಮೆಟ್ಟಿಲಿನ ಮೇಲೆ ನನ್ನನ್ನು ಕೂರಿಸಿ, ಸುಮತಿಯೇ ಹೊಳೆಯ ನೀರು ಕೊಡದಲ್ಲಿ ಮೊಗೆದು ತಲೆಯ ಮೇಲೆ ಹೊಯ್ದಳು, ಸುಡುಗಾಡಿನಿಂದ ಬಂದವರಿಗೆ ಹೊಯ್ಯುವ ಹಾಗೆ. ನೀರು ಕೊರೆಯುತ್ತಿತ್ತು. "ದೊಡ್ಡ ಉಪಕಾರ ಆಯ್ತ್ ಅಣ್ಣಾ" ಎಂದಳು. ಬಂದಾಗಿನಿಂದ ಶೆಟ್ರೆ ಎಂದವಳು ಆಗ ಅಣ್ಣಾ ಎಂದದ್ದಕ್ಕೆ ನನ್ನ ಕಣ್ಣು ತುಂಬಿತು, ನೀರು ಹೊಯ್ಯುತ್ತಿದ್ದುದರಿಂದ ಯಾರಿಗೂ ಕಾಣಲಿಲ್ಲ.

ಮಂಜಣ್ಣ ಸ್ಕೂಟರಿನಲ್ಲಿ ಮಾಬುಕಳದವರೆಗೆ ಬಿಟ್ಟರು. ಬಸ್ಸು ಬರುವಾಗ ತೋಳು ಹಿಡಿದು ಮೆಲ್ಲಗೆ ಹೇಳಿದರು, "ಶೆಟ್ರೆ, ಕ್ರಿಯೆ ಆಪಲ್ಲಿವರೆಗೆ ಕಡ್ಲ್ ಕಾಣ್ಬೇಡಿ. ಇವತ್ ಆ ಅಂಗಿ ಹಾಕಂಡ್ ಕೂಕಂಡವ್ರ್ ನೀವ್. ಅಂವ ಅಂದೇ ತಿಳ್ಕಂಡ್ರೆ ಕಷ್ಟ."

"ಯಾರ್ ತಿಳ್ಕಂಬುದ್?"

 ಅವರು ಗದ್ದವನ್ನು ಅಳಿವೆಯ ಕಡೆಗೆ ಒಮ್ಮೆ ಎತ್ತಿ ಇಳಿಸಿದರು.

ಕುಂದಾಪುರದಲ್ಲಿ ಬಸ್ಸು ಬದಲಿಸಿ ಬಲಗಡೆಯ ಕಿಟಕಿಯಲ್ಲಿ ಕೂತೆ. ಬೈಂದೂರಿಗೆ ಹೋಗುವವನಿಗೆ ಮರವಂತೆಯಲ್ಲಿ ಕಡಲು ಎಡಕ್ಕೆ, ಹೊಳೆ ಬಲಕ್ಕೆ. ಹೆಮ್ಮಾಡಿ, ತ್ರಾಸಿ ಕಳೆಯಿತು. ಒಣಮೀನಿನ ಬುಟ್ಟಿ ಕಾಲಡಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಮರವಂತೆ ಬಂದ ಕೂಡಲೇ ನನ್ನ ತೋಳು ತಟ್ಟಿದಳು. "ಕಾಣಿ ಕಾಣಿ, ಕಡ್ಲ್ ರಸ್ತಿಗೇ ಬಪ್ಪ ಹಾಂಗಿತ್ತ್!" ನಾನು ಬಲಕ್ಕೆ, ಹೊಳೆಯ ಕಡೆಗೇ ಮುಖ ತಿರುಗಿಸಿದೆ. ಹೊರಗೆ ಕತ್ತಲಾಗುತ್ತಿತ್ತು, ಒಳಗೆ ದೀಪ ಹಾಕಿದ್ದರು. ಮುಚ್ಚಿದ ಕಿಟಕಿಯ ಗಾಜಿನಲ್ಲಿ ಹೊಳೆ ಕಾಣಲಿಲ್ಲ. ನನ್ನ ಮುಖ ಕಂಡಿತು, ಅದರ ಹಿಂದೆ ಎಡಗಡೆಯ ಕಿಟಕಿಗಳು ಕಂಡವು, ಆ ಕಿಟಕಿಗಳ ತುಂಬ ಬೆಳ್ಳಗೆ ಎದ್ದು ಎದ್ದು ಬೀಳುವ ನೊರೆ.

"ನಾ ಯಡ್ತರಿಯವ" ಎಂದೆ, ಗಾಜಿಗೆ ಬಾಯಿ ಹತ್ತಿರ ತಂದು.

"ಎಂತ ಹೇಳ್ರಿ?" ಎಂದಳು ಬುಟ್ಟಿಯವಳು.

"ಎಂತ ಇಲ್ಲೆ."

ಮರವಂತೆ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡು ಅದನ್ನೇ ಹೇಳುತ್ತಿದ್ದೆ. ಮನೆ ಮುಟ್ಟಿದಾಗ ಹೆಂಡತಿ ಟವೆಲು ಕೊಟ್ಟು, ನಾಟಕ ಹೇಗಾಯಿತು ಎಂದಳು. ನಕ್ಕರು ಎಂದೆ.

ಅಮಾವಾಸ್ಯೆಯ ದಿನ ಫೋನನ್ನು ಜಗಲಿಯಲ್ಲೇ ಇಟ್ಟುಕೊಂಡು ಕೂತಿದ್ದೆ. ಮಧ್ಯಾಹ್ನ ಮಂಜಣ್ಣ ಮಾಡಿದರು. ಅವರ ಹಿಂದೆ ಮಳೆ, ಯಾರೋ ಹೆಂಗಸರ ಮಾತು, ಪಾತ್ರೆಯ ಸದ್ದು. ಸುಮತಿ ರಾಘುವಿನ ಚಾಪೆ ಸುತ್ತಿ ಮೇಲಿಟ್ಟಳಂತೆ.

"ಆಯ್ತ್ ಶೆಟ್ರೆ," ಎಂದರು. "ಇನ್ ನೀವ್ ಕಡ್ಲ್ ಕಾಣ್ಲಕ್ಕ್."